ಒಲೆ ಬೇರೆ, ಅಂಗಳ ಒಂದೇ

(ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳ ಅಂಗಳದಲ್ಲೇ ಇದ್ದು ಅವುಗಳಿಂದ ಬೇರೆಯಾಗಿ ನಡೆಯುವ ಲಾಭರಹಿತ ಸಂಸ್ಥೆಗಳ ಕುರಿತ ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಪುನರುಕ್ತಿಗಳನ್ನು ತೆಗೆದಿದ್ದೇನೆ. ಅಡ್ಡಮಾತುಗಳನ್ನು ಹಾಗೆಯೇ ಬಿಟ್ಟಿದ್ದೇನೆ.)

ಕ್ಯಾಲಿಫೋರ್ನಿಯಾದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅಲ್ಲಿನ ಪುಸ್ತಕದಂಗಡಿಯಲ್ಲಿ ನಾನು ಎರಡು ವರ್ಷ ಕೆಲಸ ಮಾಡಿದೆ. ಮೊದಲ ಸಂಬಳದ ಚೀಟಿ ಕೈಗೆ ಬಂದಾಗ ಅದರ ಮೇಲೆ ವಿಶ್ವವಿದ್ಯಾಲಯದ ಹೆಸರೇ ಇರಲಿಲ್ಲ. ನಾನು ಕೇಳಿಯೇ ಇರದ ಯಾವುದೋ ನಿಗಮದ ಹೆಸರಿತ್ತು. ತಪ್ಪು ಚೀಟಿ ಬಂದಿದೆಯೆಂದುಕೊಂಡು ವ್ಯವಸ್ಥಾಪಕಿಯ ಬಳಿಗೆ ಹೋದೆ. "ಹಾಗಾದರೆ ಇದು ಯಾರ ಅಂಗಡಿ?" ಎಂದು ಕೇಳಿದೆ. ಆಕೆ ನಕ್ಕರು. "ಕಟ್ಟಡ ರಾಜ್ಯದ್ದು, ಹೆಸರು ವಿಶ್ವವಿದ್ಯಾಲಯದ್ದು, ಸಾಲ ಮಾತ್ರ ನಮ್ಮದು" ಎಂದರು. ಆ ದಿನ ಅದನ್ನು ತಮಾಷೆ ಎಂದುಕೊಂಡೆ. ಇವತ್ತು ನಾನು ಆಡಲಿರುವ ಮಾತೆಲ್ಲ ಆ ಒಂದು ವಾಕ್ಯದ ಟಿಪ್ಪಣಿ.

ಒಂದೇ ಮನೆಯಲ್ಲಿ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡರು ಎನ್ನುತ್ತೇವಲ್ಲ, ಇದು ಹಾಗೆ. ಹೆಬ್ಬಾಗಿಲು ಒಂದೇ, ಅಂಗಳ ಒಂದೇ, ಬಾವಿ ಒಂದೇ. ಅಡುಗೆಯ ಖರ್ಚು ಮಾತ್ರ ಅವರವರದು. ಇಂಥ ಮನೆಯಲ್ಲಿ ಜಗಳ ಹುಟ್ಟುವುದು ಒಲೆಯಿಂದಲ್ಲ, ಬಾವಿಯಿಂದ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಿ.

ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಎಂಬುದು ಒಂದು ವಿಶ್ವವಿದ್ಯಾಲಯವಲ್ಲ, ಒಂದು ಸಮೂಹ. ಇತ್ತೀಚಿನವರೆಗೆ ಅದಕ್ಕೆ 23 ಕ್ಯಾಂಪಸ್‌ಗಳಿದ್ದವು. 2025ರಲ್ಲಿ ನೌಕಾ ಶಿಕ್ಷಣದ ಕ್ಯಾಂಪಸ್ ಸ್ಯಾನ್ ಲೂಯಿಸ್ ಒಬಿಸ್ಪೊದ ಕ್ಯಾಲ್ ಪಾಲಿ ಕ್ಯಾಂಪಸ್ಸಿನಲ್ಲಿ ವಿಲೀನವಾದ ಮೇಲೆ 22 ಉಳಿದವು. ವಿದ್ಯಾರ್ಥಿಗಳು ನಾಲ್ಕೂವರೆ ಲಕ್ಷದ ಆಸುಪಾಸು. ಪಾಠ, ಪರೀಕ್ಷೆ, ಪ್ರಾಧ್ಯಾಪಕರ ಸಂಬಳ, ಇವೆಲ್ಲ ವಿಶ್ವವಿದ್ಯಾಲಯದ ಕೆಲಸ. ಆದರೆ ಒಬ್ಬ ವಿದ್ಯಾರ್ಥಿಯ ದಿನದಲ್ಲಿ ಪಾಠ ಎಷ್ಟು ಹೊತ್ತಿನದು? ಅವನು ಬೆಳಗ್ಗೆ ಕಾಫಿ ಕುಡಿಯುತ್ತಾನೆ, ಪುಸ್ತಕ ಕೊಳ್ಳುತ್ತಾನೆ, ಮಧ್ಯಾಹ್ನ ಊಟ ಮಾಡುತ್ತಾನೆ, ವಿದ್ಯಾರ್ಥಿ ಭವನದಲ್ಲಿ ಹರಟುತ್ತಾನೆ, ಪ್ರಾಧ್ಯಾಪಕರೊಬ್ಬರ ಸಂಶೋಧನಾ ಯೋಜನೆಯಲ್ಲಿ ಗಂಟೆಗೆ ಇಷ್ಟೆಂದು ದುಡಿಯುತ್ತಾನೆ, ಯಾರೋ ಹಳೆಯ ವಿದ್ಯಾರ್ಥಿ ಬಿಟ್ಟುಹೋದ ದತ್ತಿಯಿಂದ ವಿದ್ಯಾರ್ಥಿವೇತನ ಪಡೆಯುತ್ತಾನೆ. ಇವುಗಳಲ್ಲಿ ಹೆಚ್ಚಿನವನ್ನು ನಡೆಸುವುದು ವಿಶ್ವವಿದ್ಯಾಲಯವಲ್ಲ. ಅದರ ಅಂಗಳದಲ್ಲೇ ಇರುವ, ಕಾನೂನಿನ ಕಣ್ಣಿನಲ್ಲಿ ಅದರಿಂದ ಬೇರೆಯಾದ, ಲಾಭದ ಉದ್ದೇಶವಿಲ್ಲದ ಸಂಸ್ಥೆಗಳು. ಅಲ್ಲಿನವರು ಅವನ್ನು ಆಗ್ಸಿಲಿಯರಿ ಎನ್ನುತ್ತಾರೆ. ನಾನು ಪೂರಕ ಸಂಸ್ಥೆ ಎನ್ನುತ್ತೇನೆ. ಇಡೀ ಸಮೂಹದಲ್ಲಿ ಇಂಥವು ಎಂಬತ್ತಕ್ಕೂ ಹೆಚ್ಚು. ಅವುಗಳ ವಾರ್ಷಿಕ ವಹಿವಾಟು ನೂರು ಕೋಟಿ ಡಾಲರನ್ನು ಎಂದೋ ದಾಟಿದೆ.

ಹೆಸರುಗಳೇ ಒಂದು ಸಂತೆ. ಸ್ಯಾನ್ ಡಿಯಾಗೋದಲ್ಲಿ ಅಜ್ಟೆಕ್ ಶಾಪ್ಸ್, ಲಾಂಗ್ ಬೀಚಿನಲ್ಲಿ ಬೀಚ್ ಶಾಪ್ಸ್ (ಮೊದಲು ಫಾರ್ಟಿನೈನರ್ ಶಾಪ್ಸ್), ಸ್ಯಾಕ್ರಮೆಂಟೊದಲ್ಲಿ ಯೂನಿವರ್ಸಿಟಿ ಎಂಟರ್‌ಪ್ರೈಸಸ್, ಸ್ಯಾನ್ ಲೂಯಿಸ್ ಒಬಿಸ್ಪೊದಲ್ಲಿ ಕ್ಯಾಲ್ ಪಾಲಿ ಪಾರ್ಟ್‌ನರ್ಸ್ (ಮೊದಲು ಕ್ಯಾಲ್ ಪಾಲಿ ಕಾರ್ಪೊರೇಷನ್). ಪೊಮೋನಾದ ಪೂರಕ ಸಂಸ್ಥೆ ಊಟದ ಮನೆ, ಪುಸ್ತಕದಂಗಡಿಗಳ ಜತೆಗೆ ಕೆಲಾಗ್ ವೆಸ್ಟ್ ಎಂಬ ಸಮ್ಮೇಳನ ಕೇಂದ್ರವನ್ನೂ ಇನ್ನೊವೇಷನ್ ವಿಲೇಜ್ ಎಂಬ ಸಂಶೋಧನಾ ಉದ್ಯಾನವನ್ನೂ ನೋಡಿಕೊಂಡು ಬಂದಿದೆ. ಹೌದು, ಕಾರ್ನ್‌ಫ್ಲೇಕ್ಸಿನ ಅದೇ ಕೆಲಾಗ್. ಆ ಜಾಗ ಹಿಂದೆ ಅವರ ಕುದುರೆ ಸಾಕಣೆಯ ಎಸ್ಟೇಟಾಗಿತ್ತು.

ಇವೆಲ್ಲ ಯಾಕೆ ಬೇಕಾದವು? ಸರ್ಕಾರಿ ವಿಶ್ವವಿದ್ಯಾಲಯ ತಾನೇ ಒಂದು ಕಾಫಿ ಅಂಗಡಿ ನಡೆಸಲಾರದೇ?

ನಡೆಸಿ ನೋಡಿ ಎನ್ನುತ್ತೇನೆ. ಸರ್ಕಾರಿ ಹಣಕ್ಕೆ ಅದರದೇ ಶಿಸ್ತುಗಳಿವೆ. ಇಷ್ಟು ಹಣ ಇದೇ ಬಾಬತ್ತಿಗೆ, ಇದೇ ಆರ್ಥಿಕ ವರ್ಷದೊಳಗೆ ಎಂದು ಮೊದಲೇ ಗೆರೆ ಎಳೆದಿರುತ್ತಾರೆ. ಖರೀದಿಗೆ ಟೆಂಡರು, ನೇಮಕಾತಿಗೆ ಹುದ್ದೆಯ ಮಂಜೂರಾತಿ. ತೆರಿಗೆದಾರರ ದುಡ್ಡು ಸೋರದಿರಲೆಂದು ಕಟ್ಟಿದ ಅಣೆಕಟ್ಟು ಇದು. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಗುರುವಾರ ಬ್ರೆಡ್ಡು ಮುಗಿದರೆ ಶುಕ್ರವಾರ ಬೆಳಗಿನೊಳಗೆ ಬ್ರೆಡ್ಡು ಬರಬೇಕು. ಸೆಮಿಸ್ಟರಿನ ಮೊದಲ ವಾರ ಅಂಗಡಿಗೆ ನಲವತ್ತು ಜನ ಬೇಕು, ಮೂರನೆಯ ವಾರಕ್ಕೆ ಹತ್ತು ಜನ ಸಾಕು. ಮಾರಲೆಂದೇ ಸರಕು ಕೊಳ್ಳುವುದು, ಮಾರಾಟವಾಗದ್ದನ್ನು ಹಿಂತಿರುಗಿಸುವುದು, ಈ ವರ್ಷದ ಉಳಿಕೆಯನ್ನು ಮುಂದಿನ ವರ್ಷ ಒಲೆ ಬದಲಾಯಿಸಲು ತೆಗೆದಿಡುವುದು, ಇವು ವ್ಯಾಪಾರದ ಸಹಜ ಉಸಿರಾಟ. ಕಚೇರಿಯ ಕಡತಕ್ಕೆ ಈ ಉಸಿರಾಟ ಒಗ್ಗುವುದಿಲ್ಲ.

ಸಂಶೋಧನೆಯ ಮಾತೂ ಅಷ್ಟೇ. ಅಮೆರಿಕದ ಕೇಂದ್ರ ಸರ್ಕಾರದ ಸಂಸ್ಥೆಯೊಂದು ಪ್ರಾಧ್ಯಾಪಕರೊಬ್ಬರ ಯೋಜನೆಗೆ ಮೂರು ವರ್ಷದ ಅನುದಾನ ಕೊಟ್ಟಿತೆನ್ನಿ. ಮೂರು ವರ್ಷಕ್ಕೆ ಮಾತ್ರ ಇಬ್ಬರು ಸಹಾಯಕರನ್ನು ನೇಮಿಸಬೇಕು, ಅನುದಾನ ಮುಗಿದ ದಿನ ಆ ಹುದ್ದೆಗಳೂ ಮುಗಿಯಬೇಕು. ಇದನ್ನು ರಾಜ್ಯದ ಹುದ್ದೆಗಳ ಪಟ್ಟಿಯಲ್ಲಿ ಸೇರಿಸುವ ಹೊತ್ತಿಗೆ ಯೋಜನೆಯೇ ಮುಗಿದಿರುತ್ತದೆ. ಅದಕ್ಕೆಂದೇ ಸ್ಯಾನ್ ಡಿಯಾಗೋದಲ್ಲಿ 1943ರಲ್ಲೇ ಒಂದು ಪ್ರತಿಷ್ಠಾನ ಹುಟ್ಟಿತು; ಈಗ ಅದು ಆ ವಿಶ್ವವಿದ್ಯಾಲಯದ ಸಂಶೋಧನಾ ಪ್ರತಿಷ್ಠಾನ. ಅಜ್ಟೆಕ್ ಶಾಪ್ಸ್ ಅದಕ್ಕಿಂತಲೂ ಹಳೆಯದು, 1931ರದು. ಬಿಡಿಬಿಡಿಯಾಗಿದ್ದ ರಾಜ್ಯ ಕಾಲೇಜುಗಳನ್ನು ಒಂದೇ ಟ್ರಸ್ಟಿ ಮಂಡಳಿಯ ಕೆಳಗೆ ತಂದ ಡೊನಾಹೋ ಕಾಯ್ದೆ ಬಂದದ್ದು 1960ರಲ್ಲಿ. ಅಂದರೆ ಸಮೂಹಕ್ಕಿಂತ ಅದರ ಕೆಲವು ಪೂರಕ ಸಂಸ್ಥೆಗಳೇ ಹಿರಿಯವು. ಸಮೂಹ ಮೊದಲು, ಅಂಗಡಿ ಆಮೇಲೆ ಎಂದು ನಾವೆಲ್ಲ ಊಹಿಸಿಕೊಳ್ಳುತ್ತೇವೆ. ಇಲ್ಲಿ ಅದು ತಿರುವುಮುರುವು.

ಈ ಸಂಸ್ಥೆಗಳ ಉದ್ದೇಶ ಹೇಳುವ ನಿಯಮ ಕ್ಯಾಲಿಫೋರ್ನಿಯಾದ ನಿಯಮಾವಳಿಯ ಐದನೆಯ ಶೀರ್ಷಿಕೆಯಲ್ಲಿದೆ. ಸರ್ಕಾರದ ಮಾಮೂಲಿ ಬಜೆಟ್, ಖರೀದಿ ಮತ್ತು ಹಣಕಾಸು ನಿಯಂತ್ರಣಗಳಿಂದ ಹುಟ್ಟುವ ಅತಿಯಾದ ತೊಡಕನ್ನು ತಪ್ಪಿಸುವುದೂ ಒಂದು ಉದ್ದೇಶವೆಂದು ಅದು ಹೇಳುತ್ತದೆ. ನನಗೆ ಈ ಸಾಲು ಬಲು ಇಷ್ಟ. ಸರ್ಕಾರ ತನ್ನದೇ ನಿಯಮಗಳು ತೊಡಕಾಗುತ್ತವೆಂದು ತನ್ನದೇ ನಿಯಮದಲ್ಲಿ ಬರೆದುಕೊಂಡಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಅದೇ ಸಾಲಿನಲ್ಲಿ ಅಪಾಯವೂ ಮಲಗಿದೆ. ತೊಡಕು ಎಂದು ಇವರು ಕರೆಯುವುದರಲ್ಲಿ ಅರ್ಧ ಭಾಗ ಕಾವಲು. ಕಾವಲನ್ನು ದಾಟಲು ಅನುಮತಿ ಕೊಟ್ಟ ಮೇಲೆ ಬೇರೆ ಕಾವಲು ಬೇಕಲ್ಲವೇ?

ಇದೆ. ಪ್ರತಿ ಸಂಸ್ಥೆಗೂ ಆಡಳಿತ ಮಂಡಳಿ ಇರಬೇಕು; ಅದರಲ್ಲಿ ಆಡಳಿತದವರು, ಅಧ್ಯಾಪಕರು, ವಿದ್ಯಾರ್ಥಿಗಳು, ಹೊರಗಿನವರು ಇರುತ್ತಾರೆ. ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಪ್ರತಿ ವರ್ಷ ಸ್ವತಂತ್ರ ಲೆಕ್ಕಪರಿಶೋಧಕರಿಂದ ತಪಾಸಣೆಯಾಗಬೇಕು, ಆ ವರದಿ ಕೇಳಿದವರಿಗೆ ಸಿಗಬೇಕು. ಎಲ್ಲಕ್ಕಿಂತ ದೊಡ್ಡ ಕಡಿವಾಣ ಕ್ಯಾಂಪಸ್ಸಿನ ಅಧ್ಯಕ್ಷರ ಕೈಯಲ್ಲಿದೆ. ಸಂಸ್ಥೆಯ ಯಾವುದಾದರೂ ಕಾರ್ಯಕ್ರಮ ಅಥವಾ ಖರ್ಚು ವಿಶ್ವವಿದ್ಯಾಲಯದ ನೀತಿಗೆ ಹೊಂದುವುದಿಲ್ಲವೆಂದು ಅವರಿಗೆ ಕಂಡರೆ ಅದು ಜಾರಿಯಾಗುವಂತಿಲ್ಲ. ಹಾಗಾದರೆ ಇದು ಎಂಥ ಸ್ವಾತಂತ್ರ್ಯ ಎಂದು ನೀವು ಕೇಳಬಹುದು. ಬೇರೆ ಒಲೆ ಹೂಡಿದ ತಮ್ಮನಿಗೆ ಅಣ್ಣ ಕೊಟ್ಟ ಸ್ವಾತಂತ್ರ್ಯ.

ಈಗ ಸ್ವಾವಲಂಬನೆ ಎಂಬ ಮಾತಿಗೆ ಬರೋಣ. ಸ್ವಾವಲಂಬಿ ಅಂದರೆ ರಾಜ್ಯದ ಬೊಕ್ಕಸದಿಂದ ನಡೆಯುವುದಿಲ್ಲ, ತಾನು ಗಳಿಸಿದ್ದರಲ್ಲೇ ಬದುಕುತ್ತದೆ ಎಂದರ್ಥ. ಲಾಭದ ಉದ್ದೇಶವಿಲ್ಲ ಅಂದರೆ ಹಣ ಉಳಿಯಬಾರದು ಎಂದಲ್ಲ. ಉಳಿಯಲೇಬೇಕು, ಉಳಿದದ್ದನ್ನು ಯಾರೂ ಪಾಲು ಹಾಕಿಕೊಳ್ಳುವಂತಿಲ್ಲ, ಅಷ್ಟೇ. ಅದು ಮೀಸಲು ನಿಧಿಗೆ, ಹಳೆಯ ಯಂತ್ರಗಳ ಬದಲಾವಣೆಗೆ, ಇಲ್ಲವೇ ಕ್ಯಾಂಪಸ್ಸಿನ ಕೆಲಸಗಳಿಗೆ ಹೋಗಬೇಕು. ವಿಶ್ವವಿದ್ಯಾಲಯದಿಂದ ಪಡೆದ ಜಾಗ, ಸೇವೆಗಳ ಖರ್ಚನ್ನು ಇವು ತುಂಬಿಕೊಡಬೇಕು. ಪುಕ್ಕಟೆ ಏನೂ ಇಲ್ಲ.

ಪುಕ್ಕಟೆ ಇರುವುದು ಒಂದೇ, ತೆರಿಗೆ ವಿನಾಯಿತಿ. ಅದಕ್ಕೂ ಒಂದು ಕತೆಯಿದೆ. 1940ರ ದಶಕದಲ್ಲಿ ಒಂದು ಮ್ಯಾಕರೋನಿ ಕಂಪನಿಯ ಲಾಭವೆಲ್ಲ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕಾನೂನು ಶಾಲೆಗೆ ಹೋಗುತ್ತಿತ್ತು. ಅದು ಖಾಸಗಿ ವಿಶ್ವವಿದ್ಯಾಲಯ, ನಮ್ಮ ವಿಷಯದಿಂದ ಸ್ವಲ್ಪ ಆಚೆ, ಆದರೂ ಕೇಳಿ. ಕಾನೂನು ಶಾಲೆಯ ಹೆಸರಿನಲ್ಲಿ ಶಾವಿಗೆ ತೆರಿಗೆಯಿಲ್ಲದೆ ಮಾರಾಟವಾದರೆ ಉಳಿದ ಶಾವಿಗೆಯವರು ಏನು ಮಾಡಬೇಕು? 1950ರಲ್ಲಿ ಅಮೆರಿಕದ ಸಂಸತ್ತು ಕಾನೂನು ತಿದ್ದಿತು: ಸಂಸ್ಥೆ ಲಾಭರಹಿತವಾದರೂ ತನ್ನ ಉದ್ದೇಶಕ್ಕೆ ಸಂಬಂಧವಿಲ್ಲದ ವ್ಯಾಪಾರದ ಆದಾಯಕ್ಕೆ ತೆರಿಗೆ ಕಟ್ಟಬೇಕು. ಆದರೆ ಮುಖ್ಯವಾಗಿ ವಿದ್ಯಾರ್ಥಿಗಳ ಮತ್ತು ನೌಕರರ ಅನುಕೂಲಕ್ಕಾಗಿ ನಡೆಸುವ ವ್ಯಾಪಾರಕ್ಕೆ ವಿನಾಯಿತಿ ಇದೆ. ಕ್ಯಾಂಪಸ್ಸಿನ ಊಟದ ಮನೆಯ ತೆರಿಗೆ ಭವಿಷ್ಯವೆಲ್ಲ ಈ 'ಅನುಕೂಲ' ಎಂಬ ಪದದ ಮೇಲೆ ನಿಂತಿದೆ. ವಿದ್ಯಾರ್ಥಿಗೆ ಮಾರಿದ ಊಟಕ್ಕೆ ಒಂದು ಲೆಕ್ಕ, ಹೊರಗಿನವರ ಸಮಾರಂಭಕ್ಕೆ ಬಡಿಸಿದ್ದಕ್ಕೆ ಇನ್ನೊಂದು. ನಮ್ಮ ಅಂಗಡಿಯ ಲೆಕ್ಕಿಗರು ಈ ಎರಡು ಖಾತೆಗಳನ್ನು ಬೆಕ್ಕು ನಾಯಿಗಳಂತೆ ದೂರ ಇಡುತ್ತಿದ್ದರು.

ಇನ್ನು ವಿದ್ಯಾರ್ಥಿ ಸಂಘಗಳು. ಇವಕ್ಕೆ ಮಾರಲು ಸರಕಿಲ್ಲ. ವಿದ್ಯಾರ್ಥಿಗಳು ತಮಗೆ ತಾವೇ ಹಾಕಿಕೊಂಡ ಶುಲ್ಕವೇ ಆಧಾರ. ಆ ಶುಲ್ಕ ಮೊದಲು ಜಾರಿಗೆ ಬರಲು ಮತ ಹಾಕಿದ ವಿದ್ಯಾರ್ಥಿಗಳಲ್ಲಿ ಮೂರನೆಯ ಎರಡರಷ್ಟು ಜನ ಒಪ್ಪಬೇಕು. ಇನ್ನೊಂದು ಸರ್ಕಾರಿ ಸಮೂಹವಾದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಬರ್ಕ್‌ಲಿಯ ವಿದ್ಯಾರ್ಥಿ ಸಂಘ 1887ರಷ್ಟು ಹಳೆಯದು, ಲಾಸ್ ಏಂಜಲೀಸಿನದು 1919ರದು. ಅಲ್ಲಿನ ಕಟ್ಟುಪಾಡು ಬೇರೆ, ಅದಕ್ಕೆ ಇನ್ನೊಂದು ದಿನವೇ ಬೇಕು.

ಸಂಶೋಧನಾ ಪ್ರತಿಷ್ಠಾನದ ಅನ್ನ ಬೇರೆ ಬಗೆಯದು. ಅನುದಾನದ ಪ್ರತಿ ಡಾಲರಿನ ಮೇಲೆ ಪರೋಕ್ಷ ವೆಚ್ಚ ಎಂದು ಇಂತಿಷ್ಟು ಸೇರುತ್ತದೆ. ವಿದ್ಯುತ್ತು, ಕಟ್ಟಡ, ಲೆಕ್ಕ ಬರೆಯುವವರು, ಇವರೆಲ್ಲರ ಖರ್ಚು ಅದರಲ್ಲಿ. ಕೇಂದ್ರ ಸರ್ಕಾರದೊಂದಿಗೆ ದರ ಕುದುರಿಸಿಕೊಳ್ಳದ ಸಂಸ್ಥೆಗೆ ಹಿಂದೆ ನೂರಕ್ಕೆ 10 ಸಿಗುತ್ತಿತ್ತು, 2024ರ ಅಕ್ಟೋಬರಿನಿಂದ 15ರವರೆಗೆ. ದೊಡ್ಡವು ಕುದುರಿಸಿ ಇದಕ್ಕಿಂತ ಬಹಳ ಹೆಚ್ಚು ಪಡೆಯುತ್ತವೆ. ಈ ಹಣದಲ್ಲಿ ಪ್ರಾಧ್ಯಾಪಕರಿಗೆಷ್ಟು, ವಿಭಾಗಕ್ಕೆಷ್ಟು, ಪ್ರತಿಷ್ಠಾನಕ್ಕೆಷ್ಟು ಎಂಬುದರ ಮೇಲೆ ನಡೆಯುವ ಜಗಳಗಳನ್ನು ನೋಡಿದರೆ ಆಸ್ತಿ ಪಾಲಿನ ಪಂಚಾಯಿತಿಗಳು ಸೌಮ್ಯವಾಗಿ ಕಾಣುತ್ತವೆ.

ಬಾವಿಯ ವಿಷಯಕ್ಕೆ ಬರುತ್ತೇನೆ. ಬಾವಿ ಅಂದರೆ ಹೆಸರು. ವಿಶ್ವವಿದ್ಯಾಲಯದ ಹೆಸರನ್ನು ನಂಬಿ ಜನ ಬರುತ್ತಾರೆ, ದಾನಿ ಹಣ ಕೊಡುತ್ತಾನೆ. ಆ ಹೆಸರು ಸಾರ್ವಜನಿಕರದ್ದು. ಹಾಗಿದ್ದ ಮೇಲೆ ಆ ಹೆಸರಿನಲ್ಲಿ ಬಂದ ಹಣದ ಲೆಕ್ಕ ಕೇಳುವ ಹಕ್ಕು ಸಾರ್ವಜನಿಕರಿಗೆ ಇದೆಯೇ?

ಫ್ರೆಸ್ನೋ ಕ್ಯಾಂಪಸ್ಸಿನಲ್ಲಿ ಒಂದು ದೊಡ್ಡ ಕ್ರೀಡಾಂಗಣ ಕಟ್ಟುವ ಯೋಜನೆ ನಡೆಯುತ್ತಿತ್ತು. ಅದರ ಐಷಾರಾಮಿ ಕೋಣೆಗಳನ್ನು ಯಾರು ಯಾರು ಪಡೆದಿದ್ದಾರೆ, ಎಷ್ಟು ಕೊಟ್ಟಿದ್ದಾರೆ ಎಂದು ಸ್ಥಳೀಯ ಪತ್ರಿಕೆ ಕೇಳಿತು. ಪ್ರಕರಣ ಮೇಲ್ಮನವಿ ನ್ಯಾಯಾಲಯದವರೆಗೆ ಹೋಗಿ 2001ರಲ್ಲಿ ತೀರ್ಪು ಬಂತು. ವಿಶ್ವವಿದ್ಯಾಲಯ ಸರ್ಕಾರಿ ಸಂಸ್ಥೆ, ಅದು ದಾಖಲೆ ಕೊಡಬೇಕು ಎಂದಿತು ನ್ಯಾಯಾಲಯ. ಆದರೆ ಪೂರಕ ಸಂಸ್ಥೆ ಸರ್ಕಾರಿ ಸಂಸ್ಥೆಯಲ್ಲ, ಸಾರ್ವಜನಿಕ ದಾಖಲೆಗಳ ಕಾಯ್ದೆ ಅದಕ್ಕೆ ತಗಲುವುದಿಲ್ಲ ಎಂದೂ ಹೇಳಿತು. ಕಾಯ್ದೆಯ ಅಕ್ಷರಕ್ಕೆ ಅದು ಸರಿಯೇ ಇದ್ದಿರಬಹುದು. ಆದರೆ ಆ ದಿನದಿಂದ ಒಂದು ದಾರಿ ಎಲ್ಲರಿಗೂ ಕಾಣಿಸಿತು: ಗುಟ್ಟಾಗಿ ಇಡಬೇಕಾದ ಕಾಗದವನ್ನು ಪಕ್ಕದ ಕೋಣೆಯಲ್ಲಿಡು.

ಆಮೇಲೆ ಸೊನೋಮಾ. ಅಲ್ಲಿನ ಪ್ರತಿಷ್ಠಾನ ತನ್ನ ಮಂಡಳಿಯಿಂದ ಆಗಷ್ಟೇ ಹೊರಬಂದ ಸದಸ್ಯರೊಬ್ಬರಿಗೆ 12.5 ಲಕ್ಷ ಡಾಲರ್ ಸಾಲ ಕೊಟ್ಟಿತ್ತು. ರಾಜೀನಾಮೆಗೂ ಸಾಲಕ್ಕೂ ನಡುವಿನ ಅಂತರವನ್ನು ದಿನಗಳಲ್ಲೇ ಎಣಿಸಬಹುದಿತ್ತು. ಸಾಲ ತೀರಲಿಲ್ಲ, 2009ರಲ್ಲಿ ಸುದ್ದಿ ಹೊರಬಿತ್ತು. ವಿದ್ಯಾರ್ಥಿವೇತನಕ್ಕೆಂದು ದಾನಿಗಳು ಕೊಟ್ಟ ಹಣವಿರುವ ಪೆಟ್ಟಿಗೆಯಿಂದ ಸಾಲ ಕೊಡುವ ಯೋಚನೆ ಯಾರಿಗೆ ಮೊದಲು ಹೊಳೆಯಿತೋ!

ಆದರೆ ದೇಶವನ್ನೇ ತಿರುಗಿ ನೋಡುವಂತೆ ಮಾಡಿದ್ದು ಸ್ಟ್ಯಾನಿಸ್ಲಾಸ್ ಕ್ಯಾಂಪಸ್ಸು. 2010ರ ಜೂನ್ 25ರಂದು ಅದರ ಐವತ್ತನೆಯ ವರ್ಷದ ಔತಣಕೂಟಕ್ಕೆ, 2008ರಲ್ಲಿ ರಿಪಬ್ಲಿಕನ್ ಪಕ್ಷದಿಂದ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಸಾರಾ ಪೇಲಿನ್ ಅವರನ್ನು ಭಾಷಣಕ್ಕೆ ಕರೆದಿದ್ದರು. ಕರೆದದ್ದು ಪ್ರತಿಷ್ಠಾನ. ಎಷ್ಟು ಸಂಭಾವನೆ ಎಂದು ಕೇಳಿದರೆ ಅದು ನಮ್ಮ ಖಾಸಗಿ ಒಪ್ಪಂದ ಎಂದಿತು. ಅಷ್ಟರಲ್ಲಿ ಕ್ಯಾಂಪಸ್ಸಿನ ಕಸದ ತೊಟ್ಟಿಯಲ್ಲಿ ಒಪ್ಪಂದದ ಕೆಲವು ಪುಟಗಳು ಸಿಕ್ಕವೆಂದು ವಿದ್ಯಾರ್ಥಿಗಳು ಹೊರತಂದರು. ಮೊದಲ ದರ್ಜೆಯ ವಿಮಾನ ಪ್ರಯಾಣದಿಂದ ಹಿಡಿದು ವೇದಿಕೆಯ ಮೇಲಿನ ನೀರಿನ ಬಾಟಲಿಗೆ ಬಾಗುವ ಸ್ಟ್ರಾ ಇರಬೇಕೆಂಬವರೆಗೆ ಅದರಲ್ಲಿ ಷರತ್ತುಗಳಿದ್ದವು. ನಾಡಿನ ಹಾಸ್ಯಗಾರರಿಗೆಲ್ಲ ಆ ಸ್ಟ್ರಾ ಒಂದು ಹಬ್ಬವಾಯಿತು. ನನಗೆ ಸ್ಟ್ರಾಗಿಂತ ತೊಟ್ಟಿಯೇ ಮುಖ್ಯವಾಗಿ ಕಂಡಿತು. ಸಾರ್ವಜನಿಕ ವಿಶ್ವವಿದ್ಯಾಲಯದ ಸಮಾರಂಭದ ಲೆಕ್ಕ ತಿಳಿಯಲು ವಿದ್ಯಾರ್ಥಿಗಳು ಕಸ ಕೆದಕಬೇಕಾಯಿತಲ್ಲ! ಕೊನೆಗೆ ಸಂಭಾವನೆ 75,000 ಡಾಲರ್ ಎಂದು ತಿಳಿಯಿತು. ವಿಶ್ವವಿದ್ಯಾಲಯ ದಾಖಲೆ ಮುಚ್ಚಿಟ್ಟದ್ದು ತಪ್ಪೆಂದು ನ್ಯಾಯಾಲಯ ಹೇಳಿತು. ಇನ್ನೊಂದು ಮಗ್ಗುಲನ್ನೂ ಹೇಳಬೇಕು: ಆ ಕೂಟದಿಂದ ಪ್ರತಿಷ್ಠಾನಕ್ಕೆ ಹಣ ಉಳಿಯಿತು, ನಷ್ಟವಾಗಲಿಲ್ಲ. ಹೇಳಿಬಿಟ್ಟಿದ್ದರೆ ಒಂದು ದಿನದ ಸುದ್ದಿಯಾಗುತ್ತಿತ್ತು. ಮುಚ್ಚಿಟ್ಟದ್ದರಿಂದ ಕಾನೂನೇ ಬದಲಾಯಿತು.

ಬದಲಾವಣೆ ಸುಲಭವಾಗಿ ಬರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ರಾಜ್ಯ ಸೆನೆಟರ್ ಲೀಲ್ಯಾಂಡ್ ಯೀ ಅವರ ಮಸೂದೆ 2009ರಲ್ಲೂ 2010ರಲ್ಲೂ ಎರಡೂ ಸದನ ದಾಟಿತು. ಎರಡು ಸಲವೂ ಗವರ್ನರ್ ಅರ್ನಾಲ್ಡ್ ಶ್ವಾರ್ಜ್‌ನೆಗರ್ ತಡೆದರು. ಹೆಸರು ಹೊರಗೆ ಬರುತ್ತದೆಂದು ದಾನಿಗಳು ಹಿಂಜರಿಯುತ್ತಾರೆ ಎಂಬ ವಾದವಿತ್ತು. ಅದು ತಳ್ಳಿಹಾಕುವ ವಾದವಲ್ಲ. ತಾನು ಕೊಟ್ಟದ್ದು ತಿಳಿಯಬಾರದೆಂದು ಬಯಸುವ ದಾನಿಗಳು ನಿಜವಾಗಿಯೂ ಇದ್ದಾರೆ. 2011ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಮೂರನೆಯ ಮಸೂದೆಗೆ ಸಹಿ ಹಾಕಿದರು. ಹಿಂದಿನ ವರ್ಷ ರಾಜ್ಯದ ಅಟಾರ್ನಿ ಜನರಲ್ ಆಗಿ ಸ್ಟ್ಯಾನಿಸ್ಲಾಸ್ ಪ್ರತಿಷ್ಠಾನದ ಮೇಲೆ ತನಿಖೆ ಆರಂಭಿಸಿದ್ದವರೂ ಅವರೇ. ಆ ವರ್ಷ ತೀರಿಕೊಂಡ ರಿಚರ್ಡ್ ಮೆಕೀ ಅವರ ಹೆಸರನ್ನು ಕಾಯ್ದೆಗೆ ಇಟ್ಟರು. ಮೆಕೀ ಅವರು ರಸಾಯನಶಾಸ್ತ್ರದ ಮೇಷ್ಟರು. ಬಿಡುವಿನಲ್ಲಿ ಸರ್ಕಾರಿ ಕಚೇರಿಗಳ ಬಾಗಿಲು ತೆರೆಸುವುದೇ ಅವರ ಹವ್ಯಾಸವಾಗಿತ್ತು. 2012ರ ಜನವರಿ 1ರಿಂದ ಪೂರಕ ಸಂಸ್ಥೆಗಳ ದಾಖಲೆಗಳನ್ನು ಯಾರು ಬೇಕಾದರೂ ಕೇಳಬಹುದು. ಅನಾಮಧೇಯನಾಗಿ ಉಳಿಯಬಯಸುವ ದಾನಿಯ ಹೆಸರಿಗೆ ರಕ್ಷಣೆ ಇದೆ. ದಾನಕ್ಕೆ ಪ್ರತಿಯಾಗಿ ಆತ ಬೆಲೆಬಾಳುವುದನ್ನೇನಾದರೂ ಪಡೆದರೆ ಆ ರಕ್ಷಣೆ ಇಲ್ಲ. ದಾನಿ ಗುಟ್ಟಾಗಿರಬಹುದು, ಗಿರಾಕಿ ಗುಟ್ಟಾಗಿರುವಂತಿಲ್ಲ. ಈ ಗೆರೆಯನ್ನು ಎಳೆದವರು ಜಾಣರು.

ಸ್ವಾವಲಂಬನೆಯ ಕಹಿ ಮುಖವನ್ನು ನಾನು ದೂರದಿಂದ ನೋಡಿದ್ದು ಕೋವಿಡ್ ಬಂದ 2020ರಲ್ಲಿ. ಮೇ 12ರಂದು, ಮುಂದಿನ ಸೆಮಿಸ್ಟರಿನ ಪಾಠಗಳು ಬಹುಪಾಲು ಆನ್‌ಲೈನ್ ಎಂದು ಸಮೂಹದ ಚಾನ್ಸಲರ್ ಘೋಷಿಸಿದರು. ಪ್ರಾಧ್ಯಾಪಕರ ಪಾಠ ಪರದೆಗೆ ಸಾಗಿತು, ಸಂಬಳ ಬಂತು. ಅಡುಗೆಮನೆಯನ್ನು ಪರದೆಗೆ ಸಾಗಿಸುವುದು ಹೇಗೆ? ಗಿರಾಕಿ ಇಲ್ಲದ ದಿನ ಆದಾಯವಿಲ್ಲ, ಆದಾಯವಿಲ್ಲದ ದಿನ ಬೊಕ್ಕಸಕ್ಕೆ ಕೈ ಚಾಚುವ ಹಕ್ಕೂ ಇಲ್ಲ. ವರ್ಷವರ್ಷ ಮೀಸಲಿಗೆ ಹಣ ತೆಗೆದಿಟ್ಟಾಗ 'ಲಾಭರಹಿತ ಸಂಸ್ಥೆಗೆ ಇಷ್ಟೊಂದು ಹಣ ಯಾಕೆ' ಎಂದು ಮೂದಲಿಸಿದವರ ಸಾಲಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ನಾನೂ ಇದ್ದೆ. ಆ ವರ್ಷ ಆ ಮಾತನ್ನು ನುಂಗಿಕೊಂಡೆ.

ಪುಸ್ತಕದಂಗಡಿಗಳಿಗೆ ಕುತ್ತು ಅದಕ್ಕಿಂತ ಮೊದಲೇ ಬಂದಿತ್ತು. ಪಠ್ಯಪುಸ್ತಕಗಳ ಐಎಸ್‌ಬಿಎನ್ ಎಂಬ ಗುರುತಿನ ಸಂಖ್ಯೆಯನ್ನೂ ಬೆಲೆಯನ್ನೂ ತರಗತಿಯ ವೇಳಾಪಟ್ಟಿಯ ಜತೆಗೇ ಸಾಧ್ಯವಾದಷ್ಟು ಪ್ರಕಟಿಸಬೇಕೆಂದು 2008ರ ಕೇಂದ್ರ ಕಾನೂನು ಹೇಳಿತು. ವಿದ್ಯಾರ್ಥಿಗೆ ಒಳ್ಳೆಯದೇ ಆಯಿತು. ಆ ಸಂಖ್ಯೆ ಹಿಡಿದು ಅಂತರ್ಜಾಲದಲ್ಲಿ ಅಗ್ಗದ್ದನ್ನು ಹುಡುಕಿದ. ಪುಸ್ತಕದ ಕಪಾಟುಗಳಿದ್ದ ಜಾಗಕ್ಕೆ ಲಾಂಛನ ಮುದ್ರಿಸಿದ ಅಂಗಿಗಳು ಬಂದವು. ಕೆಲವು ಕ್ಯಾಂಪಸ್‌ಗಳು ಅಂಗಡಿಯನ್ನು ದೊಡ್ಡ ಖಾಸಗಿ ಕಂಪನಿಗಳಿಗೆ ಒಪ್ಪಿಸಿ ಕಮಿಷನ್ ಪಡೆಯತೊಡಗಿದವು. ನನಗೆ ಇದು ಹಿಡಿಸದು. ಆದರೆ ನಷ್ಟದ ಅಂಗಡಿಯನ್ನು ಯಾರ ಹಣದಲ್ಲಿ ನಡೆಸಬೇಕೆಂದು ಮಂಡಳಿಯವರು ಕೇಳಿದರೆ ನನ್ನಲ್ಲಿ ಉತ್ತರವೂ ಇಲ್ಲ.

ಸ್ಯಾಕ್ರಮೆಂಟೊದ ಕ್ಯಾಪಿಟಲ್ ಪಬ್ಲಿಕ್ ರೇಡಿಯೊವನ್ನೂ ಹೇಳದೆ ಮುಗಿಸಲಾರೆ. ಅದೂ ಅಲ್ಲಿನ ವಿಶ್ವವಿದ್ಯಾಲಯದ ಪೂರಕ ಸಂಸ್ಥೆ. 2023ರಲ್ಲಿ ಸಮೂಹದ ಲೆಕ್ಕಪರಿಶೋಧಕರು ಅದರ ಹಣಕಾಸಿನ ನಿರ್ವಹಣೆಯಲ್ಲಿ ಗಂಭೀರ ಲೋಪಗಳನ್ನು ಎತ್ತಿ ತೋರಿಸಿದರು. ಕೊನೆಗೆ ವಿಶ್ವವಿದ್ಯಾಲಯವೇ ನಡುವೆ ಬರಬೇಕಾಯಿತು. ತಮ್ಮನ ಸಾಲಗಾರರು ಬಂದು ತಟ್ಟುವುದು ಹೆಬ್ಬಾಗಿಲನ್ನೇ.

ಉಪನ್ಯಾಸದ ಕೊನೆಯಲ್ಲಿ ಹಲವು ಪ್ರಶ್ನೆಗಳು ಬಂದವು. ಒಂದನ್ನು ಮಾತ್ರ ಇಲ್ಲಿ ಕೊಡುತ್ತೇನೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಯುವತಿಯೊಬ್ಬರು, "ಸರ್, ಇವತ್ತು ಅಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಈ ಬೇರೆ ಒಲೆಯಿಂದ ಏನು ವ್ಯತ್ಯಾಸವಾಗುತ್ತದೆ?" ಎಂದು ಕೇಳಿದರು. 2024ರ ಫೆಬ್ರವರಿಯಲ್ಲಿ ಆ ಸಮೂಹದ ಸುಮಾರು 20,000 ವಿದ್ಯಾರ್ಥಿ ಸಹಾಯಕರ ಪೈಕಿ ಮತದಾನದಲ್ಲಿ ಪಾಲ್ಗೊಂಡವರು ಬಹುಮತದಿಂದ ಕಾರ್ಮಿಕ ಸಂಘ ಸೇರುವ ಪರವಾಗಿ ಮತ ಹಾಕಿದರು. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ವಿದ್ಯಾರ್ಥಿಗೆ ಸಂಬಳ ಕೊಡುವುದು ವಿಶ್ವವಿದ್ಯಾಲಯ, ಆತ ಆ ಲೆಕ್ಕದಲ್ಲಿದ್ದಾನೆ. ಅಂಗಳದ ಆಚೆ ಬದಿಯ ಪೂರಕ ಸಂಸ್ಥೆಯ ಅಂಗಡಿಯಲ್ಲಿ ಅದೇ ಪುಸ್ತಕ ಮಾರುವ ವಿದ್ಯಾರ್ಥಿನಿ ಇಲ್ಲ. ಇಬ್ಬರೂ ಒಂದೇ ತರಗತಿಯಲ್ಲಿ ಅಕ್ಕಪಕ್ಕ ಕೂರುವವರಿರಬಹುದು. ಸಂಬಳದ ಚೀಟಿಯನ್ನೊಮ್ಮೆ ಸರಿಯಾಗಿ ಓದಿಕೊಳ್ಳಲು ಆಕೆಗೆ ಹೇಳುತ್ತೇನೆ ಎಂದೆ.